ಪೂಜಾರಿಣಿಯ ಪಟ್ಟಾಭಿಷೇಕ

ಅಳಿಯನಿಗೆ ಇರಬಾರದ ಗುಣಗಳಲ್ಲಿ ಒಳ್ಳೆಯ ಕಂಠವೂ ಒಂದು. ಇಸ್ಪೀಟಿನ ಚಟವಿದ್ದರೆ ಹಣೆಬರಹವೆಂದು ಸುಮ್ಮನಾಗುತ್ತಾರೆ. ಕಂಠ ಚೆನ್ನಾಗಿದೆಯೆಂದು ಗೊತ್ತಾದರೆ ಕೆಲಸಕ್ಕೆ ಹಚ್ಚುತ್ತಾರೆ. ನನ್ನ ಕಂಠ ಚೆನ್ನಾಗಿದೆಯೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ, ಅದು ಬೇರೆ ಮಾತು.

ಅತ್ತೆಯವರು ಕಣ್ಣಿನ ಪೊರೆ ತೆಗೆಸಿಕೊಂಡು ಮತ್ತಿಕೆರೆಯ ನಮ್ಮ ಮನೆಗೆ ಬಂದಿದ್ದರು. ಕಪ್ಪು ಕನ್ನಡಕ, ಟೀವಿ ಬಂದ್, ಕಣ್ಣೀರು ಹಾಕಲೇಬಾರದೆಂದು ಡಾಕ್ಟರ ಆಜ್ಞೆ. ಧಾರಾವಾಹಿಗಳಿಲ್ಲದ ಸಂಜೆಗಳಲ್ಲಿ ಅವರು ನನ್ನ ನಡೆನುಡಿಯನ್ನೇ ವಿಚಾರಿಸತೊಡಗಿದಾಗ ಹೆಂಡತಿ ವತ್ಸಲಾ, "ಏನಾದ್ರೂ ಓದಿ ಹೇಳ್ರೀ, ನಿಮ್ಗೂ ಕ್ಷೇಮ" ಎಂದಳು. ಕೈಗೆ ಸಿಕ್ಕಿದ್ದು ಮಗಳ ಮೇಜಿನ ಮೇಲಿದ್ದ ಇಂಗ್ಲಿಷ್ ಕಾದಂಬರಿ, ತಲೆದಿಂಬಿನಷ್ಟು ದಪ್ಪ. ಬತ್ತಿದ ನದಿಯನ್ನೂ ಕರೆದರೆ ಬರುವಂತೆ ಮಾಡಬಲ್ಲ ಮಾಯಾಶಕ್ತಿಯ ಚಿಕ್ಕ ಪೂಜಾರಿಣಿ. ಅವಳ ಹಿಂದೆ ಬಿದ್ದ ದುಷ್ಟ ರಾಜ. ಸಾಲು ಸಾಲಾಗಿ ಕನ್ನಡ ಮಾಡಿಕೊಂಡು ಓದಿದೆ. ಅವಳ ಹೆಸರು ನನ್ನ ನಾಲಿಗೆಯಲ್ಲಿ ಹೊರಳದ್ದರಿಂದ ನೀಲಾಂಬೆ ಎಂದು ನಾಮಕರಣ ಮಾಡಿದೆ.

ಎರಡನೆಯ ಸಂಜೆ ಬಂದು ನೋಡಿದರೆ ದೀಪ ಹಚ್ಚಿದೆ, ಮಗಳ ಲ್ಯಾಪ್‌ಟಾಪಿನ ಮಣೆ ವ್ಯಾಸಪೀಠವಾಗಿದೆ, ಅತ್ತೆ ಕೈಕಾಲು ತೊಳೆದು ಕೂತಿದ್ದಾರೆ. ಅವರ ತವರಿನಲ್ಲಿ ಪುರಾಣ ಓದಿಸುತ್ತಿದ್ದ ಕ್ರಮ ಅದು.

"ಆ ಹುಡುಗಿ ನೈವೇದ್ಯಕ್ಕೇನ್ ಮಾಡ್ತಾಳೆ, ಅಳಿಯಂದಿರೇ?"

ಪುಸ್ತಕದಲ್ಲಿ ಅವಳು ಕುರಿಯ ತೊಡೆ ಸುಡುತ್ತಿದ್ದಳು. "ಹೆಸರುಬೇಳೆ ಪಾಯಸ" ಎಂದೆ. ಮುಂದೆ ಮಾಂಸ ಬಂದಲ್ಲೆಲ್ಲ ಪಾಯಸ ಸುರಿದುಕೊಂಡು ಹೋದೆ.

ಕೊನೆಯ ಸಂಜೆ ರಾಜ ಅವಳ ಶಕ್ತಿ ಕಸಿದು, ಕಂಬಕ್ಕೆ ಕಟ್ಟಿಸಿ, ಸೌದೆಗೆ ಬೆಂಕಿ ಇಟ್ಟ. ಅಲ್ಲಿಗೆ ಮೊದಲ ಸಂಪುಟ ಮುಗಿಯಿತು. ಎರಡನೆಯದು ಇನ್ನೂ ಅಚ್ಚಾಗಿಲ್ಲ. "ಆಯ್ತು ಅತ್ತೆ, ಏಳಿ ಊಟಕ್ಕೆ" ಎಂದು ಪುಸ್ತಕ ಮುಚ್ಚಿದೆ.

"ಅಲ್ಲಿಗೆ ನಿಲ್ಲಿಸ್ತಾರೇನ್ರೀ ಯಾರಾದ್ರೂ? ಅಮಂಗಳದಲ್ಲಿ ಪುಸ್ತಕ ಮುಚ್ಚಬಾರ್ದು. ಪಟ್ಟಾಭಿಷೇಕ ಆಗೋವರ್ಗೂ ಓದಿ. ಮಗು ಬೆಂಕೀಲಿ ನಿಂತಿದ್ರೆ ನಂಗೆ ಅನ್ನ ಇಳಿಯತ್ತಾ?" ಅತ್ತೆಯ ದನಿ ನಡುಗಿತು.

"ಅಮ್ಮ ಅತ್ತುಗಿತ್ತಾರು, ನೋಡಿ ಮತ್ತೆ!" ಎಂದಳು ವತ್ಸಲಾ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತೆಯ ಕಣ್ಣಿಗೇನಾದರೂ ಆದರೆ? ಕೊನೆಯ ಪುಟವನ್ನೇ ಮತ್ತೆ ತೆರೆದು ನದಿಯನ್ನು ಕರೆಸಿದೆ. ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಮಳೆನೀರು ಏರುವುದನ್ನು ಕಂಡವನಿಗೆ ಪ್ರವಾಹದ ವರ್ಣನೆಯೇನು ಕಷ್ಟ? ಬೆಂಕಿ ಆರಿತು, ರಾಜ ಕೊಚ್ಚಿಹೋದ. ಆನೆ ಬಂದು ನೀಲಾಂಬೆಗೆ ಹಾರ ಹಾಕಿತು. ನಾದಸ್ವರ, ಛತ್ರಚಾಮರ, ಊರಿಗೆಲ್ಲ ಊಟ, ಒಂದನ್ನೂ ಬಿಡಲಿಲ್ಲ. ಅತ್ತೆ ಪುಸ್ತಕಕ್ಕೆ ಅಕ್ಷತೆ ಹಾಕಿ ಊಟಕ್ಕೆದ್ದರು. ಮೂಲ ಲೇಖಕನಿಗಿಂತ ನಾನೇ ವಾಸಿ ಎಂದುಕೊಳ್ಳುತ್ತ ನಾನೂ ಎಲೆಯ ಮುಂದೆ ಕೂತೆ.

ಅಷ್ಟರಲ್ಲಿ ಕಾಲೇಜಿನಿಂದ ಬಂದ ಮಗಳು ವಿಷಯ ಕೇಳಿ, "ಯಾವ ಪಟ್ಟಾಭಿಷೇಕ ಅಪ್ಪಾ? ಅವ್ಳಿನ್ನೂ ಬೆಂಕೀಲೇ ಇದಾಳಲ್ಲ!" ಎಂದಳು. ನನಗೆ ಸಾರು ನೆತ್ತಿಗೇರಿತು.

ಅತ್ತೆ ನಿಧಾನವಾಗಿ ಅನ್ನ ಕಲೆಸುತ್ತಿದ್ದರು. "ನಂಗೊತ್ತಾಯ್ತು ಕಣೆ. ಅಷ್ಟುದ್ದ ಓದಿದ್ರು ನಿಮ್ಮಪ್ಪ, ಒಂದ್ಸಲಾನೂ ಪುಟ ತಿರುಗಿಸಿದ ಸದ್ದಾಗ್ಲಿಲ್ಲ. ಹೋಗ್ಲಿ, ಹುಡುಗಿ ಉಳಿದ್ಲಲ್ಲ! ಅಳಿಯಂದಿರೇ, ನಾಳೆಯಿಂದ ಅವಳ ಮದುವೆ ಓದಿ."

ಅತ್ತೆಯ ಕಣ್ಣು ವಾಸಿಯಾಗಿದೆ. ಟೀವಿ ನೋಡಬಹುದೆಂದು ಡಾಕ್ಟರೂ ಹೇಳಿಯಾಗಿದೆ. ಅವರು ಮಾತ್ರ ಟೀವಿ ಹಾಕುತ್ತಿಲ್ಲ. ನಾನು ದಿನಾ ಸಂಜೆ ಅದೇ ಪುಸ್ತಕ ಹಿಡಿದು ನೀಲಾಂಬೆಗೆ ಗಂಡು ಹುಡುಕುತ್ತಿದ್ದೇನೆ. ನಡುನಡುವೆ ಪುಟ ತಿರುಗಿಸುತ್ತೇನೆ, ಸಾಕಷ್ಟು ಜೋರಾಗಿ.