ದೊಡ್ಡಮ್ಮ ಕೈ ಹಾಕಿದ ಕಾದಂಬರಿಗಳು

ಈ ವರ್ಷ ಯಾವ ಯಾವ ಕಾದಂಬರಿ ಓದಿದೆ ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ಕೊನೆಗಳನ್ನು ಬೇಕಾದರೆ ಕೇಳಿ, ಒಂದೂ ಬಿಡದೆ ಹೇಳುತ್ತೇನೆ! ಆಸೆಪಟ್ಟು ಪುಸ್ತಕ ತಂದವಳು ನಾನು. ಅವುಗಳ ಜೀವ ತೆಗೆದವಳು ಶಿಡ್ಲಘಟ್ಟದ ನಮ್ಮ ದೊಡ್ಡಮ್ಮ. ಇವಳಿರುವ ಮನೆಯಲ್ಲಿ ಯಾರಾದರೂ ನೆಮ್ಮದಿಯಾಗಿ ಓದಿದ್ದುಂಟೇ?

ದೊಡ್ಡಪ್ಪ ತೀರಿಕೊಂಡ ಮೇಲೆ ರೇಷ್ಮೆ ನೂಲು ತೆಗೆಯುವ ಕೆಲಸವನ್ನು ತಾನೇ ನಡೆಸಿದವಳು ಆಕೆ. ಗೂಡಿನ ಮಾರ್ಕೆಟ್ಟಿಗೆ ಹೋದರೆ ಲಾಟಿನ ಮೇಲೆ, ಅಂದರೆ ಒಬ್ಬೊಬ್ಬ ರೈತನ ರಾಶಿಯ ಮೇಲೆ, ಹರಡಿದ ಹೊಳೆಯುವ ಗೂಡುಗಳನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈ ತೂರಿಸಿ, ರಾಶಿಯ ನಡುವಿನಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ ಮೇಲೇ ಮಾತು. ಆ ಕೆಲಸ ನಿಂತು ವರ್ಷಗಳಾದರೂ ಕೈ ಸುಮ್ಮನಿರಬೇಕಲ್ಲ! ಕಾದಂಬರಿಗೂ ಅದೇ ಪರೀಕ್ಷೆ. ನಡುವೆ ಬೆರಳು ತೂರಿಸಿ, ಅಲ್ಲಿಂದ ಕೊನೆಯವರೆಗೆ ಓದುತ್ತಾಳೆ.

“ಮೊದಲಿಂದ ಓದಲ್ವಾ ದೊಡ್ಡಮ್ಮ?”

“ಮೇಲಿಂದೆಲ್ಲಾ ಚೆನ್ನಾಗೇ ಇಟ್ಟಿರ್ತಾರೆ ಕಣೇ. ಮೋಸ ಇರೋದು ಒಳಗೆ.”

ಸರಿ, ಓದಿ ಸುಮ್ಮನಿರಬಾರದೇ? ಒಮ್ಮೆ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಥಾನಾಯಕಿಯ ಮದುವೆ ಓದುತ್ತಾ ಖುಷಿಯಾಗಿದ್ದೆ. ದೊಡ್ಡಮ್ಮ ಇಣುಕಿ, ಬಸ್ಸಿಗೆಲ್ಲ ಕೇಳುವಂತೆ, “ಜಾಸ್ತಿ ಖುಷಿಪಡಬೇಡ, ಅವಳು ಬಾವಿಗೆ ಬೀಳ್ತಾಳೆ” ಅಂದಳು. ಮುಂದಿನ ಸೀಟಿನ ಹೆಂಗಸು ಗಾಬರಿಯಿಂದ ತಿರುಗಿ, ತೆಲುಗು ಬೆರೆಸಿ ಯಾರೆಂದು ಕೇಳಿದರು.

“ಅಯ್ಯೋ, ಎವರಮ್ಮಾ? ಮಕ್ಕಳಿದ್ದಾವಾ?”

“ಇಬ್ರು. ಪಾಪ, ಚಿಕ್ಕವು.”

ಊರು ಬರುವವರೆಗೆ ಅರ್ಧ ಬಸ್ಸು ಅವಳ ಗಂಡನಿಗೆ ಶಾಪ ಹಾಕಿತು. ನನ್ನ ಕೈಯಲ್ಲಿದ್ದ ಪುಟದಲ್ಲಿ ಅವನಿನ್ನೂ ತಾಳಿಯನ್ನೇ ಕಟ್ಟಿರಲಿಲ್ಲ!

ಹತಾಶಳಾಗಿ ಒಂದು ಪತ್ತೇದಾರಿ ಕಾದಂಬರಿಯನ್ನು ರಾಗಿ ಡ್ರಮ್ಮಿನೊಳಗೆ ಹೂತಿಟ್ಟೆ. ಮೇಲಿನದನ್ನು ಬಿಟ್ಟು ಒಳಗಿಂದ ಮೊಗೆಯುವವಳ ಮನೆಯಲ್ಲಿ ಅದೆಂಥ ಬುದ್ಧಿಯೋ ನನ್ನದು! ಮಾರನೆಯ ದಿನ ಮಿಲ್ಲಿಗೆಂದು ರಾಗಿ ತೆಗೆದವಳು, ಊಟಕ್ಕೆ ಕೂತಾಗ ನನ್ನ ಮುದ್ದೆಗೆ ಸಾರು ಬಿಡುತ್ತಾ, “ಅಳಿಯನೇ ಕಣೇ ಕೊಂದಿರೋದು” ಅಂದಳು.

ದೀಪಾವಳಿ ಕಳೆದ ಮೇಲೆ ಇದ್ದಕ್ಕಿದ್ದಂತೆ ಕೊನೆಗಳು ಬರುವುದು ನಿಂತಿತು. ಬದುಕಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ದೊಡ್ಡಮ್ಮನಿಗೆ ಅಕ್ಷರ ಕಾಣುತ್ತಿರಲಿಲ್ಲ. ಹೋದ ದೃಷ್ಟಿ ವಾಪಸ್ಸು ಬರುವುದಿಲ್ಲ, ಇರುವುದೂ ನಿಲ್ಲುವುದು ಕಷ್ಟ ಅಂದರು ಕಣ್ಣಿನ ಡಾಕ್ಟರು. ವಾಪಸ್ಸು ಬರುವಾಗ ಅದೇ ಬಸ್ಸು. ಬೇಕೆಂದೇ ಪುಸ್ತಕ ತೆರೆದು ಅವಳ ಕಡೆಗೇ ಹಿಡಿದೆ. ಅವಳು ಇಣುಕಲಿಲ್ಲ. ಏನಾದರೂ ಹೇಳಿ ಹಾಳುಮಾಡಬಾರದೇ ಅಂತ ಪುಟವನ್ನು ಇನ್ನಷ್ಟು ಅವಳ ಹತ್ತಿರ ಸರಿಸಿದೆ.

ಈಗ ಮಧ್ಯಾಹ್ನ ನಾನೇ ಗಟ್ಟಿಯಾಗಿ ಓದುತ್ತೇನೆ. ಮೊದಲ ದಿನ ಅವಳ ಪದ್ಧತಿಯಂತೆ ನಡುವಿನಿಂದ ಶುರುಮಾಡಿದೆ.

“ಮೊದಲಿಂದ ಓದಮ್ಮ,” ಅಂದಳು.

“ಕೊನೆ ನೋಡಿ ಹೇಳ್ಲಾ?”

“ಬೇಡ. ಕೊನೆ ಮಾತು ಎತ್ತಬೇಡ.”

ನಿನ್ನೆ ಓದುತ್ತಿದ್ದಾಗ ಕೈ ಚಾಚಿ ಉಳಿದ ಪುಟಗಳನ್ನು ಸವರಿದಳು. “ಇಷ್ಟೇನಾ ಉಳಿದಿರೋದು?” ಅಂದಳು. ನನಗೆ ಅಳು ಬಂತು. ಸದ್ದಾಗದಂತೆ ಇನ್ನೊಂದು ಕಾದಂಬರಿಯನ್ನು ಅದರ ಕೆಳಗೆ ಸೇರಿಸಿ, “ಸರಿಯಾಗಿ ನೋಡು ದೊಡ್ಡಮ್ಮ, ಇನ್ನೂ ಎಷ್ಟೊಂದಿದೆ” ಅಂದೆ. ಅವಳು ನಡುವೆ ಬೆರಳು ತೂರಿಸಿದಳು. ಆ ಕೈಗೆ ಮೋಸ ಮಾಡಿದವರುಂಟೇ?

“ಕಳ್ಳೀ, ಎರಡು ಲಾಟು ಬೆರೆಸಿದ್ದೀಯ!” ಅಂದು ನಕ್ಕಳು. ಕೈ ಮಾತ್ರ ತೆಗೆಯಲಿಲ್ಲ.

“ಇರಲಿ ಬಿಡು, ಓದು.”