ಮಾವನ ಕಾಲುವೆ ಸಿದ್ಧಾಂತ

ನನ್ನ ಸೋದರಮಾವ ತಾವು ಸಾಯುವುದಿಲ್ಲವೆಂದು ತೀರ್ಮಾನಿಸಿದ್ದು ಒಂದು ಬೇಸಿಗೆಯಲ್ಲಿ, ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಬೇವಿನ ಮರದ ಕೆಳಗೆ, ಚಹಾ ಕುಡಿಯುತ್ತ. ಇಂಥ ತೀರ್ಮಾನಗಳಿಗೆ ಹಿಮಾಲಯವೇ ಬೇಕೆಂದು ಯಾರು ಹೇಳಿದರು?

ಕಾಲುವೆಯ ನೀರಿನ ಮಟ್ಟ ನೋಡಿ ದಿನಾ ಬರೆದಿಡುವುದು ಅವರ ನೌಕರಿ. ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡಿ, ಹೂಳೆತ್ತಿ, ಬಿರುಕಿಗೆ ಸಿಮೆಂಟು ಮೆತ್ತಿ ಮತ್ತೆ ನೀರು ಬಿಡುತ್ತಾರೆ. ದೇಹಕ್ಕೂ ಹಾಗೆಯೇ ಮಾಡಿದರೆ? ಅಂದಿನಿಂದ ಮಾವನಿಗೂ ವರ್ಷಕ್ಕೆ ಎಂಟು ದಿನ ಬಂದ್. ಊಟ ಅರ್ಧ, ಮಾತು ಪೂರ್ತಿ ನಿಲುಗಡೆ. ಹೂಳೆತ್ತಲು ಹರಳೆಣ್ಣೆ, ಒಡೆದ ಹಿಮ್ಮಡಿಗೆ ಮೇಣದ ಗಿಲಾವು! ಮನೆಗೆ ಬಂದವರಿಗೆ ಅತ್ತೆ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದರು: "ಕಾಲುವಿ ಬಂದ್ ಅದರಿ. ಮುಂದಿನ ವಾರ ನೀರು ಬಿಡ್ತಾರ, ಆವಾಗ ಬರ್ರಿ."

ನಾನು ಶಹಾಪುರದಲ್ಲಿ ವಿಜ್ಞಾನದ ಮಾಸ್ತರ. ಜಗತ್ತಿನ ಪರವಾಗಿ ವಾದಿಸುವುದು ನನ್ನ ಕರ್ತವ್ಯವೆಂದುಕೊಂಡು, ಬಿಸಿಯಾದದ್ದು ಆರುತ್ತದೆ, ಕಟ್ಟಿದ್ದು ಕೆಡುತ್ತದೆ, ಇದು ನಿಸರ್ಗದ ನಿಯಮ ಎಂದು ಗಂಭೀರವಾಗಿ ವಿವರಿಸಿದೆ.

"ಅದು ಮುಚ್ಚಿಟ್ಟ ಡಬ್ಬಿಗಿ," ಎಂದರು ಮಾವ. "ನಾ ಡಬ್ಬಿ ಏನೋ? ದಿನಾ ನಾಕ್ ರೊಟ್ಟಿ ಒಳಗ ಹೋಗಾಕತ್ತಾವ. ಡ್ಯಾಮಿಂದ ನೀರು ಬರೂತನಕ ಕಾಲುವಿ ಸಾಯ್ತದೇನು?"

ಮನೆಗೆ ಬಂದು ಪುಸ್ತಕ ತೆರೆದರೆ, ಏನು ಹೇಳಲಿ, ಆ ನಿಯಮ ಹೊರಗಿನಿಂದ ಏನೂ ಒಳಬಾರದ ವಸ್ತುವಿಗೆ ಮಾತ್ರ, ಮಾವ ಹೇಳಿದ್ದೇ ಸರಿ! ಮರುವಾರ ಇನ್ನೊಂದು ಅಸ್ತ್ರ ತಂದೆ: ಪ್ರತಿ ರಿಪೇರಿಯಲ್ಲೂ ಚೂರು ತಪ್ಪು ಉಳಿಯುತ್ತದೆ, ಅದೇ ಕೂಡಿ ಕೂಡಿ ಮುಪ್ಪಾಗುತ್ತದೆ, ಸೋರಿಕೆಯಿಲ್ಲದ ಕಾಲುವೆ ಎಲ್ಲಿದೆ? ಮಾವ ಮುಖ ತಿರುಗಿಸಿದರು. ಸರಕಾರಿ ನೌಕರರಿಗೆ ಅವರ ಅಂಗಳದಲ್ಲೇ ಕೂತು ಇಲಾಖೆಯ ಗುಟ್ಟು ಹೇಳಬಾರದು.

ಅತ್ತೆಯ ಆಕ್ಷೇಪಣೆ ಮಾತ್ರ ಬೇರೆ. "ನೀವೇನೋ ಉಳಕೋತೀರಿ. ಆ ನಾಕ್ ರೊಟ್ಟಿ ಯಾರು ಬಡೀತಾರ?"

ಸಿದ್ಧಾಂತದಲ್ಲಿ ಆ ಕಲಂ ಇರಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಅತ್ತೆಗೆ ಎದೆನೋವು ಬಂತು. ನಾನು ಯಾದಗಿರಿಯ ದವಾಖಾನೆಗೆ ಹೋದಾಗ ಮಾವ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬಂದ್ ನಡುವೆಯೇ ಎದ್ದು ಬಂದಿದ್ದರಿಂದ ಒಂದೇ ಹಿಮ್ಮಡಿಗೆ ಮೇಣ. ಸರಿದು ನನಗೂ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

"ಮಾಸ್ತರ, ಮ್ಯಾಲಿನ ಕಾಲುವ್ಯಾಗ ನೀರು ಹೆಚ್ಚಾದ್ರ ತೂಬು ಎತ್ತಿ ಕೆಳಗಿಂದಕ್ಕ ಬಿಡ್ತೀವಿ. ನನ್ನ ಆಯುಷ್ಯದಾಗಿನ ಒಂದಿಷ್ಟು ವರ್ಷ ಅಕಿಗಿ ಬಿಡಾಕ ಬರ್ತದೇನು?"

ಪುಸ್ತಕದಲ್ಲಿ ನೋಡಿ ಹೇಳುತ್ತೇನೆ ಎಂದೆ.

ಅತ್ತೆ ಆ ಬೇಸಿಗೆ ದಾಟಲಿಲ್ಲ. ಮಾವ ಮತ್ತೆ ಬಂದ್ ಮಾಡಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ಹೋದರು. ಈಗಲೂ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ ದಿನ ನಾನು ಆ ಹಳೆಯ ಪುಸ್ತಕ ತೆಗೆದು ಕೂರುತ್ತೇನೆ. ನೋಡಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನಲ್ಲ.