ಬಲ ಜೇಬಿನಲ್ಲಿ ವಾಸವಿದ್ದ ಬ್ಯಾಟರಿಯವರಿಗೆ

ಶ್ರೀಮಾನ್ ಬ್ಯಾಟರಿಯವರ ಸನ್ನಿಧಿಗೆ,
ಹಿಂದಿನ ವಿಳಾಸ: ದೋಮೆಂಗನ ಪ್ಯಾಂಟಿನ ಬಲ ಜೇಬು.
ಈಗಿನ ವಿಳಾಸ: ಮರಳು ತುಂಬಿದ ಬಿಸ್ಕತ್ತಿನ ಡಬ್ಬಿ, ನಮ್ಮ ಹಿತ್ತಿಲು, ತಾಯ್‌ತಾಯ್.

ಮಾನ್ಯರೇ,

ಒಳಗಿನ ಶಾಖವೆಲ್ಲ ಇಳಿದು ತಾವು ಮರಳಿನಲ್ಲಿ ತಣ್ಣಗೆ ವಿಶ್ರಮಿಸುತ್ತಿದ್ದೀರೆಂದು ನಂಬಿ, ತಾಯ್‌ತಾಯ್ ಸಂತೆಬೀದಿಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿರುವ, ಕಾಲರ್ ನೆಟ್ಟಗೆ ನಿಲ್ಲದ ಒಂದೇ ಒಂದು ಅಂಗಿಯನ್ನೂ ಅಂಗಡಿಯಿಂದ ಹೊರಗೆ ಬಿಡದ ಪೂರಿಂಗ್ ಕತಿಂದಿಗ್ ಎಂಬ ನಾನು, ತಮಗೆ ಎರಡೂ ಕೈ ಮುಗಿದು, ಆಮೇಲೆ ಬರೆಯಲೆಂದು ಒಂದನ್ನು ಬಿಡಿಸಿಕೊಂಡು, ಈ ಪತ್ರವನ್ನು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಉಪಕಾರ ನೆನೆಯದೆ ದೂರು ಹೇಳುವುದು ನನ್ನಿಂದಾಗದು. ಊರ ಜನರನ್ನು ಹೇರಿಕೊಂಡು ಹೋಗುವ ಜೀಪ್ನಿ ಗಾಡಿ ಓಡಿಸುವ ನನ್ನ ಗಂಡ ದೋಮೆಂಗ್ ದಿನಕ್ಕೆರಡು ಪ್ಯಾಕು ಸಿಗರೇಟು ಸುಟ್ಟು, ತನ್ನ ಬೆಳಗಿನ ಕೆಮ್ಮಿನಿಂದ ನೆರೆಮನೆಯ ಹುಂಜಕ್ಕೂ ಕೆಲಸವಿಲ್ಲದಂತೆ ಮಾಡಿದ್ದವನು. ಎಂಟು ತಿಂಗಳ ಹಿಂದೆ ಅವನು ಅದನ್ನು ಬಿಟ್ಟು ಬ್ಯಾಟರಿಯ ಬಿಸಿಯಿಂದ ಸೇದುವ ಹಿತ್ತಾಳೆಯ ವೇಪ್ ಹಿಡಿದಾಗ, ಅದರ ಹೊಟ್ಟೆಯಲ್ಲಿ ಕೂತು ಹೊಗೆಮೋಡ ಎಬ್ಬಿಸಿದವರು ತಾವು ಮತ್ತು ತಮ್ಮ ಸೋದರರು. ಕೆಮ್ಮು ಕಡಿಮೆಯಾಯಿತು. ಆ ಸಂತೋಷಕ್ಕೆ ನಾನು ಇಗರ್ಜಿಯಲ್ಲಿ ತಮ್ಮ ಹೆಸರಿನಲ್ಲಿ ಮೇಣದಬತ್ತಿಯನ್ನೂ ಹಚ್ಚಿದೆ. ಬೆಂಕಿ ಹಚ್ಚುವುದರಲ್ಲಿ ತಮಗೆ ನನಗಿಂತ ಹೆಚ್ಚಿನ ಆಸಕ್ತಿಯಿದೆ ಎಂಬುದು ಆಗಿನ್ನೂ ತಿಳಿದಿರಲಿಲ್ಲ.

ತಾವು ಸರದಿಯ ಮೇಲೆ ಸೇವೆ ಸಲ್ಲಿಸುತ್ತಿದ್ದ ಆ ವೇಪ್ ಒಂದು ಬರೀ ಕೊಳವೆ. ಬೇರೆಯವರ ವೇಪುಗಳಲ್ಲಿ ಬಿಸಿ ಹೆಚ್ಚಾದರೆ ತಾನಾಗಿ ನಿಲ್ಲಿಸುವ ಚಿಪ್ ಇರುತ್ತದಂತೆ. ದೋಮೆಂಗನದರಲ್ಲಿ ಕೆಳಗೊಂದು ಗುಂಡಿ, ಮೇಲೊಂದು ತಂತಿಸುರುಳಿ, ನಡುವೆ ತಾವು. “ಇದಕ್ಕೆ ತಲೇನೇ ಇಲ್ಲ ಕಣೇ, ಕೆಡೋಕೆ ಏನಿದೆ?” ಎಂದು ಅವನು ಹೆಮ್ಮೆಪಟ್ಟಾಗ, ಇಪ್ಪತ್ತೇಳು ವರ್ಷ ಅವನೊಡನೆ ಬಾಳಿದ ನಾನು ಅದೇ ಕಾರಣಕ್ಕೆ ಒಪ್ಪಿಕೊಂಡುಬಿಟ್ಟೆ. ಗುಂಡಿ ಒತ್ತಿದರೆ ತಾವು ಇದ್ದದ್ದನ್ನೆಲ್ಲ ಕೊಡುತ್ತೀರಿ, ಸಾಕು ಎನ್ನಬೇಕಾದವನು ಸೇದುವವನೇ; ಆದರೆ ನನ್ನ ಗಂಡ ಊಟಕ್ಕೆ ಕೂತಾಗಲೂ ಸಾಕು ಎಂದದ್ದನ್ನು ನಾನು ಕೇಳಿಲ್ಲ.

ಹೋದ ಭಾನುವಾರ ತಮ್ಮ ಪ್ಲಾಸ್ಟಿಕ್ ಅಂಗಿ ಹರಿದಿರುವುದು ಕಂಡಿತು. ಅಂಗಿ ಹರಿದ ಬ್ಯಾಟರಿಯನ್ನು ಹಾಗೇ ಬಳಸಬಾರದೆಂದು ವೇಪ್ ಅಂಗಡಿಯ ಬರ್ತಿಂಗ್ ಮೊದಲೇ ಎಚ್ಚರಿಸಿದ್ದನಾದ್ದರಿಂದ, ದೋಮೆಂಗ್ ನನ್ನ ಹೊಲಿಗೆ ಮೇಜಿನ ಮೇಲೆಯೇ ತಮ್ಮನ್ನು ಬತ್ತಲೆಮಾಡಿ, ಚಿನ್ನದ ಬಣ್ಣದ ಹೊಸ ಅಂಗಿ ತೊಡಿಸಿ, ನಾನು ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟು ಅದು ಮೈಗೆ ಅಂಟಿಕೊಳ್ಳುವಂತೆ ಮಾಡಿದ. ಟೇಪು ಹಿಡಿಯದೆ ಅಷ್ಟು ಚೆನ್ನಾಗಿ ಕೂತ ಅಂಗಿಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಎಂದಿನಂತೆ ನಾನು ಮೇಜು ಗುಡಿಸಿ ಚೂರುಪಾರುಗಳನ್ನೆಲ್ಲ ಎಸೆದೆ. ನನ್ನ ಮೇಜಿನ ಚೊಕ್ಕಟತನ ಇಡೀ ಬೀದಿಗೇ ಗೊತ್ತು.

ಇಷ್ಟೆಲ್ಲ ಉಪಚಾರ ಪಡೆದ ತಾವು ಮಂಗಳವಾರವೇ ನಡೆದುಕೊಂಡ ರೀತಿಗೆ ಏನೆನ್ನಲಿ? ಜೇಬಿನಲ್ಲಿ ಚಿಲ್ಲರೆ ನಾಣ್ಯಗಳಿದ್ದವು, ಮನೆಯ ಬೀಗದ ಕೈ ಇತ್ತು, ನಡುವೆ ಸರದಿಗೆ ಕಾಯುತ್ತ ತಾವಿದ್ದಿರಿ. ಮಾರುಕಟ್ಟೆಯ ತಿರುವಿನಲ್ಲಿ ಒಂದು ನಾಣ್ಯ ಪ್ಲಸ್ ಆದ ತಮ್ಮ ತಲೆಯನ್ನೂ ಮೈನಸ್ ಆದ ಭುಜವನ್ನೂ ಒಟ್ಟಿಗೆ ಮುಟ್ಟಿದ್ದೇ ತಡ, ತಾವು ಕೆಂಡವಾದಿರಿ. ದೋಮೆಂಗ್ ಬ್ರೇಕು ಒತ್ತಿ, ಕೆಳಗೆ ಹಾರಿ, ನಡುರಸ್ತೆಯಲ್ಲಿ ಪ್ಯಾಂಟು ಕಳಚಿ ಎಸೆದ. ಗಾಡಿಯೊಳಗಿನ ಹಾಡಿನ ಅಬ್ಬರದಲ್ಲಿ ಎರಡು ತಿರುವಿನಿಂದ ನಿಲ್ಲಿಸು ನಿಲ್ಲಿಸು ಎಂದು ಕೂಗುತ್ತಲೇ ಇದ್ದ ಒಬ್ಬ ಅಜ್ಜಿ ಮೆಲ್ಲಗೆ ಇಳಿದು, ಚಡ್ಡಿಯಲ್ಲಿ ಕುಣಿಯುತ್ತಿದ್ದ ಅವನನ್ನು ಮೇಲಿಂದ ಕೆಳಗೆ ನೋಡಿ, “ಅಂತೂ ಕೇಳಿಸ್ತಲ್ಲಪ್ಪಾ ನಿಂಗೆ” ಎಂದು ಮೀನಿನ ಬುಟ್ಟಿ ಎತ್ತಿಕೊಂಡು ಹೋದರಂತೆ.

ಬೀದಿಯವರೆಲ್ಲ ನಕ್ಕಿದ್ದಾಯಿತು, ನಾನೂ ನಕ್ಕೆ. ಆದರೆ ಅವನ ತೊಡೆಯ ಮೇಲೆ ಅಂಗೈಯಗಲದ ಸುಟ್ಟ ಗಾಯವಿದೆ, ದಿನಾ ಅದರ ಪಟ್ಟಿಯನ್ನು ನಾನೇ ಬಿಚ್ಚಿ ಹೊಸದು ಕಟ್ಟುತ್ತೇನೆ. ಆ ಗಾಯಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದಿದೆ. “ಸಿಗರೇಟು ಕೊಂದ್ರೂ ನಿಧಾನವಾಗಿ, ಹೇಳಿ ಕೇಳಿ ಕೊಲ್ಲುತ್ತೆ, ಇದರ ಹಾಗೆ ಜೇಬಲ್ಲಿ ಕೂತು ಮೋಸ ಮಾಡಲ್ಲ” ಎಂದು ಹೇಳಿ ಅವನು ಒಂದು ಪ್ಯಾಕು ತಂದು, ಜೀಪ್ನಿಯಲ್ಲಿ ಬಾಲಯೇಸುವಿನ ಬೊಂಬೆಯ ಪಕ್ಕದಲ್ಲಿಟ್ಟಿದ್ದಾನೆ. ಪ್ಯಾಕು ಇನ್ನೂ ಒಡೆದಿಲ್ಲ. ದಿನಾ ಸಂಜೆ ನಾನು ಹೋಗಿ ನೋಡಿಬರುತ್ತೇನೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಕೊಳವೆಯೊಳಗೆ ಇನ್ನೂ ಸೇವೆಯಲ್ಲಿರುವ ತಮ್ಮ ಸೋದರರಿಗೆ ನಾಲ್ಕು ಬುದ್ಧಿಮಾತು ಹೇಳಬೇಕು: ಸಿಡಿಯುವುದಿದ್ದರೆ ಮೂರು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡಲಿ, ಆದಷ್ಟೂ ಗಾಡಿ ರಸ್ತೆಗಿಳಿಯದ ಶುಭ ಶುಕ್ರವಾರವನ್ನೇ ಆರಿಸಿಕೊಳ್ಳಲಿ, ಮತ್ತು ಗುಂಡಿ ಒತ್ತದಂತೆ ತಡೆಯುವ ಬೀಗದ ಬಳೆಯನ್ನು ತಿರುಗಿಸಲು ನನ್ನ ಗಂಡ ಮರೆತು ವೇಪಿನ ಮೇಲೆಯೇ ಕೂತಾಗ, ತಮ್ಮನ್ನು ಒತ್ತಿದ್ದು ಹೆಬ್ಬೆರಳೋ ಪೃಷ್ಠವೋ ಎಂಬುದನ್ನು ವಿಚಾರಿಸಿಕೊಂಡು ಮುಂದುವರಿಯಲಿ.

ಬೆಂಕಿ ಆರಿರುವಷ್ಟು ಹೊತ್ತು ಮಾತ್ರ,
ತಮ್ಮ ವಿಶ್ವಾಸಿ,
ಪೂರಿಂಗ್ ಕತಿಂದಿಗ್

ಮರೆತ ಮಾತು: ನಿನ್ನೆ ಬರ್ತಿಂಗ್ ಬಂದು ತಮ್ಮನ್ನು ಮರಳಿನಿಂದ ಎತ್ತಿ ನೋಡಿ, ಕತ್ತಿನ ಸುತ್ತ ಇರಬೇಕಾದ ಬಿಳಿ ಕಾಗದದ ಉಂಗುರ ಎಲ್ಲಿ ಎಂದು ಕೇಳಿದ, ತಲೆಗೂ ಭುಜಕ್ಕೂ ನಡುವಿನ ಗಟ್ಟಿ ಕಾವಲು ಅದೇ ಅಂತೆ, ಅದಿಲ್ಲದಿದ್ದರೆ ಎಷ್ಟು ಚಿನ್ನದ ಅಂಗಿ ತೊಡಿಸಿದರೂ ನಾಣ್ಯಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ದೋಮೆಂಗ್ ತಲೆ ತಗ್ಗಿಸಿ, “ನಾನೇ ಎಲ್ಲೋ ಬೀಳಿಸಿರ್ತೀನಿ” ಎಂದ. ಬೆಳ್ಳಗೆ, ದುಂಡಗೆ, ನಡುವೆ ತೂತು: ಕಾಲರ್ ನೆಟ್ಟಗೆ ನಿಲ್ಲಲೆಂದು ಒಳಗಿಡುವ ಕ್ಯಾನ್ವಾಸಿನ ಚೂರೆಂದುಕೊಂಡು ಭಾನುವಾರ ಅದನ್ನು ಗುಡಿಸಿ ಎಸೆದವಳು ನಾನು. ಕ್ಯಾನ್ವಾಸ್ ಇಡದೆ ಕಾಲರ್ ಹೊಲಿದ ಅಂಗಡಿಯ ಹುಡುಗಿಯರನ್ನು ಮೂವತ್ತು ವರ್ಷ ಬೈದ ಬಾಯಿ ಇದು. ಹಾಗಾಗಿ ಮೇಲಿನ ದೂರಿನಲ್ಲಿ ತಮ್ಮ ಪಾಲು ಎಷ್ಟೋ ಅಷ್ಟನ್ನಿಟ್ಟುಕೊಂಡು ಉಳಿದದ್ದನ್ನು ವಾಪಸು ಕಳಿಸಿ. ಈ ಪತ್ರದ ಇನ್ನೊಂದು ಪ್ರತಿಯನ್ನು ಬೊಂಬೆಯ ಪಕ್ಕದ ಆ ಪ್ಯಾಕಿಗೆ ಸುತ್ತಿ ದಾರದಿಂದ ಕಟ್ಟಿದ್ದೇನೆ, ಓದದೆ ಒಡೆಯಲಾಗದು. ಹೊಸ ಬ್ಯಾಟರಿಗೆಂದು ಮುಚ್ಚಳವಿರುವ ಪುಟ್ಟ ಚೀಲ ಹೊಲಿದು ಅದರ ಪಕ್ಕದಲ್ಲೇ ಇಟ್ಟಿದ್ದೇನೆ. ಓದಿದ ಮೇಲೂ ಲೈಟರ್ ಬೇಕೆನ್ನಿಸಿದರೆ ದೋಮೆಂಗ್ ತನ್ನ ಜೇಬುಗಳಲ್ಲಿ ಹುಡುಕಿಕೊಳ್ಳಲಿ. ಅವನ ಎಲ್ಲ ಪ್ಯಾಂಟುಗಳ ಎಲ್ಲ ಜೇಬುಗಳ ಬಾಯಿಯನ್ನೂ ಜೋಡಿ ಹೊಲಿಗೆ ಹಾಕಿ ಮುಚ್ಚಿದ್ದೇನೆ.